ಬೇಯದ ರಾಶಿ

ಊರಿನ ಜನ ಕಕ್ಕಸಿಗೆ ನೀರು ಸುರಿದು ಕೈ ತೊಳೆದುಕೊಂಡು ಹೊರಗೆ ಬಂದರೆ ಅವರ ಪಾಲಿಗೆ ಆ ವಿಷಯ ಮುಗಿಯಿತು. ರಾಶಿಯಕ್ಕನ ಪಾಲಿಗೆ ಅಲ್ಲಿಂದಲೇ ಶುರು. ನೆಲದಡಿಯ ಕೊಳವೆಗಳಲ್ಲಿ ಹರಿದು ಊರಾಚೆಯ ಘಟಕಕ್ಕೆ ಬಂದ ಕೊಳಚೆ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಇಳಿಯುತ್ತ ತಿಳಿಯಾಗಿ, ನೀರು ತನ್ನ ದಾರಿ ಹಿಡಿದು ಹೊರಟುಹೋಗುತ್ತಿತ್ತು. ತಳದಲ್ಲಿ ಉಳಿದ ಕಪ್ಪು ರಾಡಿಯನ್ನು ಮರಳು ಹಾಸಿದ ಮಡಿಗಳ ಮೇಲೆ ಒಣಗಿಸಿ, ಮರದ ಹೊಟ್ಟು ಬೆರೆಸಿ, ಆಳೆತ್ತರದ ರಾಶಿ ಹಾಕುತ್ತಿದ್ದರು. ರಾಶಿ ತನ್ನಷ್ಟಕ್ಕೆ ತಾನೇ ಒಳಗಿನಿಂದ ಕಾಯುತ್ತಿತ್ತು, ಕೈಯಿಟ್ಟರೆ ಸುಡುವಷ್ಟು. ಹಬೆಯಾಡುವಾಗ ಅದನ್ನು ಮಗುಚಬೇಕು. ಹೊರಗಿನದು ಒಳಗೆ ಹೋಗಬೇಕು, ಒಳಗಿನದು ಹೊರಗೆ ಬರಬೇಕು, ಮತ್ತೆ ಕಾಯಲು ಬಿಡಬೇಕು. ಹೀಗೆ ಪೂರ್ತಿ ಕಾದು ತಣಿದದ್ದಕ್ಕೆ ಬೆಂದ ರಾಶಿ ಎನ್ನುತ್ತಿದ್ದರು. ಅದು ಗೊಬ್ಬರ. ಅಲ್ಲಿಯವರೆಗೆ ಅದು ಏನು ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆ ಶೆಡ್ಡಿಗೆ ರಾಶಿಯಕ್ಕ ಮೇಲ್ವಿಚಾರಕಿ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಹಿಡಿದು ಕರೆಯಲು ಈಗ ಅಮ್ಮ ಒಬ್ಬಳೇ ಉಳಿದಿದ್ದಳು. ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆಂದು ಸನಿಕೆ ಹಿಡಿದು ಬಂದವಳು, ಹಿಡಿದದ್ದನ್ನು ಬಿಡದೆ ಮೇಲ್ವಿಚಾರಕಿಯಾದಳು. ಮೊದಮೊದಲು ಗೇಲಿಗೆ ಹುಟ್ಟಿದ ಹೆಸರನ್ನು ಅವಳೇ ಮೈಗೆ ಹಚ್ಚಿಕೊಂಡಿದ್ದಳು.

ಬೆಂದಿದೆಯೋ ಇಲ್ಲವೋ ಎಂದು ನೋಡಲು ಶೆಡ್ಡಿನವರದೇ ಒಂದು ಕ್ರಮವಿತ್ತು. ಪ್ರಯೋಗಾಲಯದವರು ಶೀಷೆಯಲ್ಲಿ ತುಂಬಿಕೊಂಡು ಹೋಗಿ ಪರೀಕ್ಷೆ ಮಾಡುವುದು ಆಮೇಲಿನ ಮಾತು. ಅದಕ್ಕೂ ಮೊದಲು ರಾಶಿಯ ಹೊರಮೈಯಿಂದ ಒಂದು ಬೋಗುಣಿಯಷ್ಟು ತೆಗೆದು, ನೀರು ಚಿಮುಕಿಸಿ, ಕಿಟಕಿಯಲ್ಲಿ ಇಡುತ್ತಿದ್ದರು. ಮನುಷ್ಯ ತಿಂದದ್ದರಲ್ಲಿ ಬೇರೆಲ್ಲ ಕರಗಿದರೂ ಟೊಮೇಟೊ ಬೀಜ ಜಪ್ಪಯ್ಯ ಎಂದರೂ ಕರಗುವುದಿಲ್ಲ. ಹೊಟ್ಟೆ, ಕೊಳವೆ, ತೊಟ್ಟಿ, ಮಡಿ ಎಲ್ಲ ದಾಟಿ ಬಂದು ಜೀವ ಬಿಗಿಹಿಡಿದುಕೊಂಡು ಕೂತಿರುತ್ತದೆ. ರಾಶಿಯ ಕಾವೊಂದೇ ಅದನ್ನು ಕೊಲ್ಲುವುದು. ಬೋಗುಣಿಯಲ್ಲಿ ಎರಡೆಲೆಯ ಮೊಳಕೆ ಕಂಡರೆ ರಾಶಿ ಬೆಂದಿಲ್ಲವೆಂದು ಅರ್ಥ. ಬೀಜ ಬದುಕಿದ್ದರೆ ರೋಗದ ಹುಳುವೂ ಬದುಕಿರುತ್ತದೆ. ಇದಕ್ಕೆ ಅವರು ಸಾಕ್ಷಿ ಕೇಳುವುದು ಎನ್ನುತ್ತಿದ್ದರು.

"ಸಾಕ್ಷಿ ಏನಂತು?"

"ತಲೆ ಎತ್ತಿದಾನೆ ಕಳ್ಳ."

ಅಲ್ಲಿಗೆ ಮತ್ತೆ ಸನಿಕೆ ಹಿಡಿ, ಮತ್ತೆ ಮಗುಚು.

ಈ ಗೊಬ್ಬರವನ್ನು ರೈತರಿಗೆ ಒಪ್ಪಿಸಿದ್ದೇನು ಸುಲಭದ ಕೆಲಸವೆ? ಘಟಕದ ಇಂಜಿನಿಯರಮ್ಮ, ರಾಶಿಯಕ್ಕ ಇಬ್ಬರೂ ಚೀಲ ಹೊತ್ತುಕೊಂಡು ಹೊಲಹೊಲ ಅಲೆದಿದ್ದರು. ಕೆಲವರು ಮೂಗು ಮುಚ್ಚಿಕೊಂಡು ಮಾತಾಡಿದರು. ಕೆಲವರು ನಾಯಿ ಬಿಟ್ಟರು. ಇಂಜಿನಿಯರಮ್ಮ ಸಾರಜನಕ, ರಂಜಕ ಎಂದು ವಿವರಿಸಿ ಸುಸ್ತಾದಾಗ ರಾಶಿಯಕ್ಕ ಒಂದು ಹಿಡಿ ತೆಗೆದು ತನ್ನ ಮೂಗಿಗೇ ಹಿಡಿಯುತ್ತಿದ್ದಳು. "ಮೂಸಿ ನೋಡಪ್ಪ. ಮಳೆ ಬಿದ್ದ ನೆಲದ ವಾಸನೆ ಬಂದ್ರೆ ತಗೋ. ಇನ್ನೇನಾದ್ರೂ ವಾಸನೆ ಬಂದ್ರೆ ನನ್ನ ತಲೆ ಮೇಲೆ ಸುರಿ." ಯಾರೂ ಸುರಿಯಲಿಲ್ಲ. ಮೊದಲು ಮೇವು ಬೆಳೆಯುವವರು ಒಪ್ಪಿದರು, ಆಮೇಲೆ ಜೋಳದವರು. ತಿಂಗಳು ತಿಂಗಳಿಗೂ ಬೇಡಿಕೆ ಹೆಚ್ಚಿ, ಬೆಂದ ರಾಶಿಗೆ ರೈತರು ಸರದಿ ಕಾಯುವ ಕಾಲ ಬಂತು.

ಸರದಿಯಲ್ಲಿ ನಿಲ್ಲದವನೆಂದರೆ ಅವಳ ಒಡಹುಟ್ಟಿದ ಅಣ್ಣ.

ಅಣ್ಣನ ಮನೆ ಘಟಕದಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇತ್ತು. ಹಾಸಿಗೆ ಹಿಡಿದ ಅಮ್ಮ ಇದ್ದದ್ದೂ ಅಲ್ಲೇ, ರಸ್ತೆ ಕಡೆಯ ಕೋಣೆಯಲ್ಲಿ. ರಾಶಿಯಕ್ಕ ಘಟಕದ ಕೆಲಸಕ್ಕೆ ಸೇರಿದ ದಿನದಿಂದ ಅತ್ತಿಗೆ ಅವಳನ್ನು ಹೊಸಿಲು ದಾಟಲು ಬಿಟ್ಟಿರಲಿಲ್ಲ. ಜಗಳವಾಡಿ ಅಲ್ಲ, ನಗುನಗುತ್ತಲೇ. "ನಿನ್ ಮೇಲೆ ನಂಗೇನಮ್ಮ ಕೋಪ? ಹಾಸಿಗೆ ಹಿಡಿದೋರ ಹತ್ರ ಸೋಂಕು ಗೀಂಕು ಆಗಬಾರದು ಅಂತ ಡಾಕ್ಟ್ರೇ ಹೇಳಿದಾರೆ." ಯಾವ ಡಾಕ್ಟರು ಎಂದು ರಾಶಿಯಕ್ಕ ಕೇಳಲಿಲ್ಲ. ಅಣ್ಣ ಆ ಹೊತ್ತಿಗೆ ಸರಿಯಾಗಿ ದನದ ಕೊಟ್ಟಿಗೆಯಲ್ಲಿ ಏನೋ ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದ.

ಹೀಗಾಗಿ ರಜೆಯ ದಿನ ಅವಳು ಕಿಟಕಿಯ ಹೊರಗೆ ನಿಂತು ಅಮ್ಮನನ್ನು ಮಾತಾಡಿಸುತ್ತಿದ್ದಳು. ಅಮ್ಮನಿಗೆ ಕಿವಿ ಮಂದ. ಕೂಗಿ ಹೇಳಬೇಕು. ರಸ್ತೆಯಲ್ಲಿ ನಿಂತು ಕೂಗಿ ಹೇಳುವಂಥ ಮಾತು ತಾಯಿ ಮಗಳ ನಡುವೆ ಎಷ್ಟಿದ್ದಾವು? "ಊಟ ಆಯ್ತಾ?" "ಮಾತ್ರೆ ನುಂಗಿದ್ಯಾ?" ಅಷ್ಟರಲ್ಲೇ ಮುಗಿಯುತ್ತಿತ್ತು. ಕಾಲು ನೋಯುತ್ತದೆ, ಒಬ್ಬಳೇ ಇರುವಾಗ ಹೆದರಿಕೆಯಾಗುತ್ತದೆ, ನಿನ್ನ ಕನಸು ಬಿದ್ದಿತ್ತು, ಇಂಥದ್ದೆಲ್ಲ ಕೂಗುವ ಮಾತಲ್ಲ.

"ಅಲ್ಯಾಕೆ ನಿಂತಿದೀಯ, ಒಳಗೆ ಬಾರೇ," ಎನ್ನುತ್ತಿದ್ದಳು ಅಮ್ಮ.

"ಕೈ ಕೊಳೆಯಾಗಿದೆ ಅಮ್ಮಾ!"

"ತೊಳ್ಕೊಂಡು ಬಾ!"

"ಹೂಂ, ತೊಳ್ಕೊಂಡು ಬರ್ತೀನಿ!"

ಹಾಗೆಂದು ಕೂಗಿ ಅವಳು ಮನೆಗೆ ನಡೆಯುತ್ತಿದ್ದಳು. ಅಮ್ಮ ಬಾಗಿಲ ಕಡೆ ಮುಖ ತಿರುಗಿಸಿ ಕಾಯುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಒಮ್ಮೆ ನೋಡಿದ ಮೇಲೆ ರಾಶಿಯಕ್ಕ ಹಿಂದಿರುಗಿ ನೋಡುವುದನ್ನೇ ಬಿಟ್ಟಿದ್ದಳು.

ಆ ವರ್ಷ ಬಿತ್ತನೆಗೆ ಇನ್ನೇನು ನೆಲ ಹದವಾಗುತ್ತಿದೆ ಎನ್ನುವಾಗ ಅಣ್ಣ ಶೆಡ್ಡಿಗೆ ಬಂದ. ಅವನು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಕರವಸ್ತ್ರವನ್ನು ಮೂಗಿಗೆ ಹಿಡಿಯಲೋ ಬೇಡವೋ ಎಂದು ಕೈಯಲ್ಲೇ ಹಿಸುಕುತ್ತಿದ್ದ.

"ಏನು ತಂಗಿ, ಚೆನ್ನಾಗಿದೀಯಾ?"

ತಂಗಿ ಎಂಬ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಅವಳು ಕೂರಲು ಸ್ಟೂಲು ಒರೆಸಿ ಕೊಟ್ಟಳು.

ವಿಷಯ ಇಷ್ಟು. ಪಕ್ಕದ ಹೊಲದವನಿಗೆ ಊರಲ್ಲಿ ಹಲ್ಲುಕಡ್ಡಿ ಎಂದೇ ಹೆಸರು, ಸದಾ ಬಾಯಲ್ಲೊಂದು ಕಡ್ಡಿ ಇಟ್ಟುಕೊಂಡಿರುವವನು. ಈ ಗೊಬ್ಬರ ಹಾಕಿದ ಹಲ್ಲುಕಡ್ಡಿಯ ಜೋಳ ಹೋದ ಸಲ ಆಳು ಮುಳುಗುವಷ್ಟು ಬೆಳೆದಿತ್ತು. ಅಣ್ಣನದು ಮೊಣಕಾಲು ದಾಟಿ ನಿಂತುಬಿಟ್ಟಿತ್ತು. ಬೇಲಿಯ ಮೇಲಿಂದ ಹಲ್ಲುಕಡ್ಡಿ, "ಏನ್ ಯಜಮಾನ್ರೆ, ಹುಲ್ಲು ಬಿತ್ತಿದೀರಾ?" ಎಂದು ಕೇಳಿದ್ದನಂತೆ. ಅದು ಅಣ್ಣನಿಗೆ ಚುಚ್ಚಿತ್ತು.

"ಬೆಂದದ್ದೆಲ್ಲ ಸರದಿ ಪ್ರಕಾರ ಹೋಗುತ್ತೆ ಅಣ್ಣ. ನೀನು ಮೊದಲೇ ಹೇಳಬೇಕಿತ್ತು. ಆ ಕೊನೇ ರಾಶಿ ಇದೆಯಲ್ಲ, ಅದನ್ನ ಇನ್ನೂ ಮಗುಚಬೇಕು. ಅದಾಗೋಷ್ಟರಲ್ಲಿ ಬಿತ್ತನೆ ಮುಗಿಯುತ್ತೆ."

"ಇದೇನು ಅಡುಗೇನಾ ಬೇಯಿಸಿಯೇ ಬಡಿಸೋಕೆ? ನೆಲ ಏನು ನಮ್ಮಮ್ಮನ ಥರ ಹಲ್ಲಿಲ್ಲದ ಮುದುಕಿನಾ? ಹೇಗೆ ಕೊಟ್ರೂ ತಿನ್ನುತ್ತೆ."

"ಹಾಗಲ್ಲ ಅಣ್ಣ. ಹಸಿ ರಾಶಿಯಲ್ಲಿ ರೋಗ ಇರುತ್ತೆ."

ಅಣ್ಣ ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟ. ಆಮೇಲೆ ಯಾರೋ ಹೇಳಿಕಳಿಸಿದ್ದು ಈಗ ನೆನಪಾದಂತೆ, "ಅಮ್ಮ ನಿನ್ನನ್ನೇ ಕೇಳ್ತಿರ್ತಾಳೆ. ನಿಮ್ಮತ್ತಿಗೆಗೂ ನಾನು ಹೇಳಿದೀನಿ, ಇದೇನು ಸರಿಯಲ್ಲ ಅಂತ. ನೀನು ಒಳಗೇ ಬಂದು ಅಮ್ಮನ ಹತ್ರ ಕೂತ್ಕೋ. ಯಾರು ಬೇಡ ಅಂತಾರೆ ನೋಡೋಣ," ಎಂದ. ಎದ್ದು ನಿಂತು ಕೊನೆಯ ರಾಶಿಯ ಕಡೆ ನೋಡಿದ.

ಹೀಗೆ ಕೊಟ್ಟರೆ ಹೀಗೆ ಎಂದು ಅವನೇನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ರಾಶಿಯಕ್ಕ ತನ್ನ ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಳ್ಳಲು ಆ ರಾಶಿಯಿಂದ ಒಂದು ಬೋಗುಣಿ ತೆಗೆದಿಟ್ಟಳು. ಒಂದು ವೇಳೆ ಬೆಂದಿದ್ದರೆ? ಕೆಲವು ರಾಶಿ ಬೇಗ ಬೇಯುವುದೂ ಉಂಟು. ಕಿಟಕಿಯಲ್ಲಿ ಇಡದೆ ತನ್ನ ಬೀರುವಿನ ಹಿಂದೆ ಇಟ್ಟಾಗಲೇ ಅವಳಿಗೆ ಉತ್ತರ ಗೊತ್ತಿತ್ತೋ ಏನೋ. ವಾರ ಕಳೆದು ನೋಡಿದರೆ ಬೋಗುಣಿಯ ತುಂಬ ಎಳೆ ಮೊಳಕೆಗಳು, ಬೆಳಕು ಕಾಣದೆ ಬಿಳಿಚಿಕೊಂಡು ಒಂದರ ಮೇಲೊಂದು ಕತ್ತು ಚಾಚಿದ್ದವು. ಅವಳು ನಿಧಾನವಾಗಿ ಎಲ್ಲವನ್ನೂ ಚಿವುಟಿದಳು. ಚಿವುಟಿದ ಬೆರಳಿಗೆ ಟೊಮೇಟೊ ಎಲೆಯ ಕಮಟು ಅಂಟಿತು.

ಪ್ರಯೋಗಾಲಯದವರು ಶೀಷೆ ಹಿಡಿದು ಬರುವ ಮೊದಲೇ, ರಜೆಯ ದಿನ ಮಧ್ಯಾಹ್ನ ಅಣ್ಣ ಟ್ರ್ಯಾಕ್ಟರ್ ತಂದ. ಬೆಂದ ರಾಶಿ ಎಂದು ಕಾವಲುಗಾರನಿಗೆ ಹೇಳಿದವಳು ರಾಶಿಯಕ್ಕನೇ. ಅವಳ ಮಾತಿಗೆ ಎರಡನೆಯ ಮಾತು ಆ ಘಟಕದಲ್ಲಿ ಇರಲಿಲ್ಲ.

ಮರುವಾರ ಅವಳು ಮೈ ಕೆಂಪಾಗುವವರೆಗೆ ಉಜ್ಜಿ ಉಜ್ಜಿ ಸ್ನಾನ ಮಾಡಿ, ಪೆಟ್ಟಿಗೆಯ ತಳದಲ್ಲಿದ್ದ ಸೀರೆ ಉಟ್ಟು ಅಣ್ಣನ ಮನೆಗೆ ಹೋದಳು. ಅತ್ತಿಗೆ ಬಾಗಿಲಲ್ಲಿ ನಿಂತು ಒಂದು ಗಳಿಗೆ ಗಾಳಿ ಮೂಸಿದಂತೆ ಕಂಡಿತು. ಆಮೇಲೆ ಪಕ್ಕಕ್ಕೆ ಸರಿದಳು.

ಅಮ್ಮನ ಕೋಣೆಯಲ್ಲಿ ಮುಲಾಮಿನ ವಾಸನೆ, ಹಳೆಯ ಹತ್ತಿಯ ವಾಸನೆ. ಕಿಟಕಿಯಿಂದ ಕಾಣದ ಗೋಡೆಯೊಂದು ಅಲ್ಲಿತ್ತು; ಅದರ ಮೇಲೆ ಅಪ್ಪನ ಪಟ. ರಾಶಿಯಕ್ಕ ಮಂಚದ ಅಂಚಿಗೆ ಕೂತಳು. ಅಮ್ಮ ಅವಳ ಕೈ ಹಿಡಿದು ಬೆರಳು ಬೆರಳನ್ನೂ ತಡವಿ ನೋಡಿದಳು.

"ತೊಳ್ಕೊಂಡು ಬಂದ್ಯಾ?"

"ಬಂದೆ ಅಮ್ಮ."

"ಎಷ್ಟು ಹೊತ್ತೇ ನಿಂಗೆ ಕೈ ತೊಳ್ಕೊಳೋಕೆ!"

ಇಷ್ಟು ವರ್ಷ ಹೊರಗೆ ನಿಂತಿದ್ದು ಅಮ್ಮನ ಲೆಕ್ಕದಲ್ಲಿ ಕೈ ತೊಳೆಯುವಷ್ಟು ಹೊತ್ತು. ರಾಶಿಯಕ್ಕನಿಗೆ ನಗು ಬಂತು, ಕಣ್ಣೂ ತುಂಬಿತು. ಬಾಚಣಿಗೆ ತೆಗೆದುಕೊಂಡು ಅಮ್ಮನ ಸಿಕ್ಕುಗಟ್ಟಿದ ಕೂದಲು ಬಿಡಿಸಲು ಕೂತಳು. ಅಮ್ಮ ಗುಟ್ಟು ಹೇಳಿದಳು: ಸೊಸೆ ಒಳ್ಳೆಯವಳೇ, ಆದರೆ ಮಗ್ಗುಲು ಬದಲಿಸುವಾಗ ಮೂಟೆ ಉರುಳಿಸಿದಂತೆ ಉರುಳಿಸುತ್ತಾಳೆ. ಅದು ಕಿವಿಯಲ್ಲಿ ಹೇಳುವ ಮಾತು. ಅದನ್ನು ಕೇಳಿಸಿಕೊಳ್ಳಲು ಒಂದು ಕಿವಿ ಹತ್ತಿರ ಬೇಕಿತ್ತು.

ಅಲ್ಲಿಂದ ಮುಂದೆ ವಾರ ವಾರವೂ ಹೋದಳು. ಅಮ್ಮನ ಉಗುರು ಕತ್ತರಿಸಿದಳು, ಬೆನ್ನು ಒರೆಸಿದಳು, ಹಾಸಿಗೆಯ ಹುಣ್ಣಿಗೆ ಮದ್ದು ಹಚ್ಚಿದಳು. ಅತ್ತಿಗೆಗೂ ಒಂದು ಕೈ ಹಗುರಾಯಿತು. ಅವಳ ಮಾತಿನಲ್ಲಿ ತುಸು ನಯ ಬಂತು. ಹೊಲದಲ್ಲಿ ಅಣ್ಣನ ಜೋಳ ಹಲ್ಲುಕಡ್ಡಿಯ ಜೋಳವನ್ನು ಮೀರಿ ಬೆಳೆಯಿತು.

ಒಂದು ದಿನ ಅತ್ತಿಗೆ, "ಊಟ ಮಾಡ್ಕೊಂಡೇ ಹೋಗಮ್ಮ, ನೀನೇನು ಹೊರಗಿನವಳಾ?" ಎಂದು ಅಡುಗೆಮನೆಯ ಮೇಜಿಗೆ ಕರೆದು ತಟ್ಟೆ ಇಟ್ಟಳು. ತಟ್ಟೆಯ ಬದಿಯಲ್ಲಿ ಕೆಂಪಗೆ, ಉಪ್ಪು ಉದುರಿಸಿ ಹೆಚ್ಚಿದ ಟೊಮೇಟೊ.

ರಾಶಿಯಕ್ಕ ತಟ್ಟೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಪೇಟೆಯಿಂದ ತಂದ್ರಾ ಅತ್ತಿಗೆ?"

"ಪೇಟೆ ಯಾಕೆ? ಹೊಲದಲ್ಲೇ ತಾನಾಗಿ ಹುಟ್ಟಿದೆ ಕಣಮ್ಮ! ಜೋಳದ ಸಾಲಿನ ಮಧ್ಯೆ ಎಲ್ಲಿ ನೋಡಿದ್ರೂ ಗಿಡ. ಬಿತ್ತಿದ್ದಿಲ್ಲ, ನೆಟ್ಟಿದ್ದಿಲ್ಲ. ನಮ್ಮ ನೆಲ ಒಲಿದುಬಿಟ್ಟಿದೆ. ತಿನ್ನು, ಏನು ನೋಡ್ತಿದೀಯ?"

ತನ್ನನ್ನು ಹೊಸಿಲಾಚೆ ನಿಲ್ಲಿಸಿದ್ದ ಹೆಂಗಸು ಅದೇ ಊರಿನ ಹೊಟ್ಟೆಗಳಿಂದ ಬಂದ ಹಣ್ಣನ್ನು ಉಪ್ಪು ಹಾಕಿ ಕೈಯಾರೆ ಬಡಿಸುತ್ತಿದ್ದಳು. ಬೇರೆ ಯಾರದಾದರೂ ಮನೆಯಾಗಿದ್ದರೆ ರಾಶಿಯಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಒಂದು ಮಾತು ಬಾಯಿಂದ ಹೊರಬಿದ್ದರೆ ಸಾಕು, ತಟ್ಟೆಯೂ ಹೋಯಿತು, ಮೇಜೂ ಹೋಯಿತು, ಪಕ್ಕದ ಕೋಣೆಯ ಮಂಚವೂ ಹೋಯಿತು. ಒಳಗಿನಿಂದ ಅಮ್ಮ ಕೆಮ್ಮಿದ ಸದ್ದು ಕೇಳಿಸಿತು. ಅವಳು ಒಂದು ಹೋಳು ಎತ್ತಿ ಬಾಯಿಗಿಟ್ಟುಕೊಂಡಳು. ಸಿಹಿಯಾಗಿತ್ತು. ನುಂಗಿದಳು.

"ಅಮ್ಮನಿಗೂ ಕೊಡ್ತೀರಾ?"

"ದಿನಾ ಕೊಡ್ತೀನಿ. ಇಷ್ಟಪಟ್ಟು ತಿಂತಾರೆ."

"ಚೆನ್ನಾಗಿ ಬೇಯಿಸಿ ಕೊಡಿ ಅತ್ತಿಗೆ. ನೀವೂ ಬೇಯಿಸಿಯೇ ತಿನ್ನಿ. ಹಸಿಯದು... ಅಮ್ಮನಿಗೆ ಅರಗಲ್ಲ."

ಊಟ ಮುಗಿಸಿ ನೇರವಾಗಿ ಹೊಲಕ್ಕೆ ಹೋದಳು. ಅಣ್ಣ ಬದುವಿನ ಮೇಲೆ ಕೂತಿದ್ದ.

"ಅಣ್ಣ, ಆ ಟೊಮೇಟೊ ಗಿಡ ಎಲ್ಲಾ ಕಿತ್ತು ಹೂತುಹಾಕು. ಇವತ್ತೇ. ಬೆಂದ ರಾಶಿ ಹಾಕಿದ ಹೊಲದಲ್ಲಿ ಅದು ಹುಟ್ಟಲ್ಲ. ನೋಡಿದೋರಿಗೆ ಗೊತ್ತಾಗಿಹೋಗುತ್ತೆ."

"ಪುಕ್ಕಟೆ ಬಂದದ್ದನ್ನ ಕೀಳೋದಾ? ಹುಚ್ಚಿ ನೀನು. ನಿಮ್ಮತ್ತಿಗೆಗೆ ಏನಂತ ಹೇಳಲಿ?"

"ಅತ್ತಿಗೆಗೆ ಗೊತ್ತಿಲ್ವಾ, ಗೊಬ್ಬರ ಎಲ್ಲಿಂದು ಅಂತ?"

ಅಣ್ಣ ಆಚೆ ನೋಡಿದ. "ಕುರಿಗೊಬ್ಬರ ಅಂತ ಹೇಳಿದೀನಿ. ಸುಮ್ನಿರು ಮಾರಾಯ್ತಿ, ಯಾರಿಗೂ ಏನೂ ಆಗಿಲ್ವಲ್ಲ."

ಯಾರಿಗೂ ಏನೂ ಆಗಿರಲಿಲ್ಲ, ನಿಜ. ಆದರೆ ಅತ್ತಿಗೆಗೆ ತನ್ನ ಹೊಲದ ಭಾಗ್ಯವನ್ನು ನಾಲ್ಕು ಜನಕ್ಕೆ ತೋರಿಸದಿದ್ದರೆ ನಿದ್ದೆ ಹತ್ತದು. ನೆರೆಹೊರೆಗೆಲ್ಲ ಬುಟ್ಟಿ ಬುಟ್ಟಿ ಹಂಚಿದಳು. ಒಂದು ಬುಟ್ಟಿ ಹಲ್ಲುಕಡ್ಡಿಯ ಮನೆಗೂ ಹೋಯಿತು.

ರೈತ ಸಂಘದವರು ಗೋದಾಮಿನಲ್ಲಿ ಸೇರಿದ ದಿನ ಇಂಜಿನಿಯರಮ್ಮ, ರಾಶಿಯಕ್ಕ ಇಬ್ಬರನ್ನೂ ಕರೆಸಿದರು. ಮುಂದಿನ ಬಿತ್ತನೆಗೆ ಯಾರಿಗೆ ಎಷ್ಟು ಗೊಬ್ಬರ ಎಂದು ಮಾತಾಡಲು ಎಂದುಕೊಂಡೇ ಹೋಗಿದ್ದರು. ಹಲ್ಲುಕಡ್ಡಿ ಎದ್ದು ನಿಂತು, ಕಡ್ಡಿಯನ್ನು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಸರಿಸಿದ.

"ನನ್ನದೊಂದು ಸಣ್ಣ ಅನುಮಾನ. ನಾವೆಲ್ಲ ಘಟಕದ ಗೊಬ್ಬರ ಹಾಕಿದೋರೇ. ನಮ್ಮಲ್ಲಿ ಒಂದು ಟೊಮೇಟೊ ಗಿಡ ಹುಟ್ಟಿದ್ರೆ ಕೇಳಿ. ಘಟಕದಿಂದ ಟ್ರ್ಯಾಕ್ಟರ್ ತುಂಬಿಕೊಂಡು ಬಂದ ಈ ಯಜಮಾನ್ರ ಜೋಳದಲ್ಲಿ ಮಾತ್ರ ಬುಟ್ಟಿಗಟ್ಟಲೆ. ರಾಶಿಯಕ್ಕನೇ ನಮಗೆ ಹೇಳಿಕೊಟ್ಟದ್ದು, ಬೇಯದಿದ್ರೆ ಟೊಮೇಟೊ ಮೊಳೆಯುತ್ತೆ ಅಂತ. ಹಾಗಾದ್ರೆ ಆ ಬೀಜ ಯಾರ ಹೊಟ್ಟೆಯಿಂದ ಬಂತು ಅಂತ ತಿಳ್ಕೋಬಹುದಾ?"

ಗೋದಾಮು ಗೊಳ್ಳೆಂದಿತು. "ಪಟೇಲರ ಹೊಟ್ಟೆದೇ ಇರಬೇಕು, ದಪ್ಪ ದಪ್ಪ ಇತ್ತು!" ಎಂದ ಒಬ್ಬ. ಇನ್ನೊಬ್ಬ, "ರುಚಿ ನೋಡಿದ್ರೆ ಡಾಕ್ಟರದು!" ಎಂದ. ನಗುತ್ತ ನಗುತ್ತ ಅವನಿಗೆ ತನ್ನ ಮನೆಗೆ ಬಂದ ಬುಟ್ಟಿ ನೆನಪಾಯಿತು. ನಗು ಅಲ್ಲಿಗೇ ನಿಂತಿತು. ಒಬ್ಬೊಬ್ಬರಿಗೂ ನೆನಪಾಗುತ್ತ ಹೋಯಿತು. ಹಿಂದೆ ಕೂತಿದ್ದ ಮುದುಕನೊಬ್ಬ ಎದ್ದು ಹೊರಗೆ ಹೋಗಿ ಉಗಿದು ಬಂದ.

ಎಲ್ಲರೂ ಅಣ್ಣನತ್ತ ತಿರುಗಿದರು.

"ನಮಗೇನ್ರಪ್ಪ ಗೊತ್ತು," ಎಂದ. "ಬೆಂದಿದೆ ಅಂತ ಅವಳೇ ಕೊಟ್ಟಳು, ನಾವು ತಗೊಂಡ್ವಿ. ಮನೆ ಮಗಳು ಅಂತ ನಂಬಿದ್ವಿ. ನಮ್ಮನೇಲಿ ಮುದುಕಿ ಇದಾಳೆ, ಗೊತ್ತಿದ್ದೂ ಗೊತ್ತಿದ್ದೂ ಹಾಕ್ತೀವಾ?"

ಇಂಜಿನಿಯರಮ್ಮ ಮೆಲ್ಲಗೆ ಕೇಳಿದಳು: "ರಾಶಿಯಕ್ಕ, ಸಾಕ್ಷಿ ಕೇಳದೆ ಕೊಟ್ರಾ?"

ಈಗ ನಿಜ ಹೇಳಬಹುದಿತ್ತು. ಹಸಿಯೆಂದು ಗೊತ್ತಿದ್ದೇ ಬಂದು ಕೇಳಿದವನು ಇವನು ಎಂದಿದ್ದರೆ ಊರು ಅವಳನ್ನು ಅರ್ಧ ಬೈಯುತ್ತಿತ್ತು, ಅಣ್ಣನನ್ನು ಅರ್ಧ ಬೈಯುತ್ತಿತ್ತು. ಆದರೆ ಅಣ್ಣನ ಮಾನ ಹೋದ ಮೇಲೆ ಅಣ್ಣನ ಬಾಗಿಲು ತೆರೆದಿರುತ್ತದೆಯೆ? ಅಮ್ಮನ ಬೆನ್ನಿನ ಹುಣ್ಣು ಇನ್ನೂ ಮಾಗಿರಲಿಲ್ಲ. ಆ ವಾರ ತಾನೇ ಅದರ ಅಂಚು ಮಾಗುವ ಸೂಚನೆಯಾಗಿ ಸ್ವಲ್ಪ ತಿಳಿಗೆಂಪಾಗಿತ್ತು.

"ಕೇಳಿದ್ದೆ ಮೇಡಮ್."

"ಏನಂತು?"

"ಬೆಂದಿಲ್ಲ ಅಂತು. ಮೊಳಕೆ ಚಿವುಟಿಹಾಕಿ ನಾನೇ ಕೊಟ್ಟೆ. ನಮ್ಮಣ್ಣನಿಗೆ ಏನೂ ಗೊತ್ತಿರಲಿಲ್ಲ."

ಇಂಜಿನಿಯರಮ್ಮ ಅವಳನ್ನೇ ನೋಡಿದಳು. ಜೊತೆಯಲ್ಲಿ ಚೀಲ ಹೊತ್ತು ನಾಯಿಗಳಿಗೆ ಹೆದರಿ ಓಡಿದವಳು ಅವಳು. ಬಯ್ಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ನೀವು ಕೊಟ್ಟದ್ದು ಅಂದ್ರೆ ನಾನು ಕಣ್ಣು ಮುಚ್ಚಿ ಸಹಿ ಹಾಕ್ತಿದ್ದೆ," ಎಂದಷ್ಟೇ ಹೇಳಿ ಕಾಗದಗಳನ್ನು ಜೋಡಿಸಿಕೊಂಡಳು.

ಘಟಕದ ಗೊಬ್ಬರ ಇನ್ನು ಬೇಡವೆಂದು ಸಂಘದವರು ಕೈಯೆತ್ತಿದರು. ಬೆಂದದ್ದಕ್ಕೂ ಬೇಯದ್ದಕ್ಕೂ ಈಗ ಒಂದೇ ಹೆಸರು. ಶೆಡ್ಡಿನಲ್ಲಿ ತಣಿದು ಮಳೆಮಣ್ಣಿನ ವಾಸನೆ ಬರುತ್ತಿದ್ದ ಒಳ್ಳೆಯ ರಾಶಿಗಳನ್ನೂ ಲಾರಿಗೆ ತುಂಬಿ ಪಾಳುಬಿದ್ದ ಕಲ್ಲುಗಣಿಯ ಹೊಂಡಕ್ಕೆ ಸುರಿಯುವುದೆಂದಾಯಿತು. ರಾಶಿಯಕ್ಕ ಶೆಡ್ಡಿನ ಬೀಗದ ಕೈ ಒಪ್ಪಿಸಿ, ಬೂಟು ಬಿಚ್ಚಿಟ್ಟು ಮನೆಗೆ ಬಂದಳು.

ಎಲ್ಲ ಹೋದರೂ ಒಂದು ಉಳಿಯಿತಲ್ಲ ಎಂದು ಅವಳು ಆ ವಾರವೆಲ್ಲ ಅಂದುಕೊಂಡಳು. ಈಗ ಘಟಕದ ಕೆಲಸವೂ ಇಲ್ಲ, ಸೋಂಕೂ ಇಲ್ಲ. ದಿನಾ ಹೋಗಬಹುದು.

ಬಾಗಿಲು ತೆರೆದ ಅತ್ತಿಗೆಯ ಕಣ್ಣು ಊದಿಕೊಂಡಿತ್ತು. ಈ ಸಲ ಅವಳು ನಗಲಿಲ್ಲ.

"ನಮ್ಮ ಬಾಯಿಗೆ ಅದನ್ನ ಹಾಕಿಬಿಟ್ಟೆಯಲ್ಲೇ. ತಟ್ಟೆ ಮುಂದೆ ಕೂತು ನೀನೂ ತಿಂದೆ, ತಿಂದು 'ಬೇಯಿಸಿ ಕೊಡಿ' ಅಂದೆ. ಗೊತ್ತಿದ್ದೇ ಅಂದೆ. ಊರಲ್ಲಿ ತಲೆ ಎತ್ತೋ ಹಾಗಿಲ್ಲ ನಾನು. ಮಕ್ಕಳು ಆಡ್ಕೋತಾವೆ. ನೀನು ಈ ಮನೆಗೆ ಬಂದುಹೋಗ್ತಾ ಇದ್ರೆ ನಾವೂ ಶಾಮೀಲು ಅನ್ನಲ್ವಾ ಜನ?"

ಅವಳು ಹೇಳಿದ್ದರಲ್ಲಿ ಸುಳ್ಳೆಂಬುದು ಒಂದೂ ಇರಲಿಲ್ಲ. ರಾಶಿಯಕ್ಕ ಅಣ್ಣನ ಮುಖ ನೋಡಿದಳು. ಅಣ್ಣ ಅತ್ತಿಗೆಯ ಹಿಂದೆ ನಿಂತು ಅಂಗಿಯ ಗುಂಡಿ ತಿರುಗಿಸುತ್ತಿದ್ದ. ಕುರಿಗೊಬ್ಬರದ ಮಾತು ಅವನ ಗಂಟಲಲ್ಲೇ ಉಳಿಯಿತು.

"ಹುಣ್ಣಿಗೆ ಮದ್ದು ಹಚ್ಚೋದು..." ಎಂದಳು ರಾಶಿಯಕ್ಕ.

"ನಾನು ಹಚ್ತೀನಿ," ಎಂದು ಅತ್ತಿಗೆ ಬಾಗಿಲು ಮುಂದೆ ಮಾಡಿದಳು. ಜೋರಾಗಿ ಅಲ್ಲ. ಮನೆಯಲ್ಲಿ ಕಾಯಿಲೆಯವರಿದ್ದಾರೆಂದು ಮೆಲ್ಲಗೆ.

ರಸ್ತೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಚಪ್ಪಲಿ ಸದ್ದು ಕೇಳಿಸಿತು. ಅಣ್ಣ ಬರುತ್ತಿದ್ದ. ರಾಶಿಯಕ್ಕ ನಿಂತಳು. ಏನಾದರೂ ಹೇಳುತ್ತಾನೆ, ಒಂದು ಮಾತು, ತಂಗಿ ಎಂದಾದರೂ ಕರೆಯುತ್ತಾನೆ ಎಂದು ನಿಂತಳು.

ಅಣ್ಣ ಅತ್ತ ಇತ್ತ ನೋಡಿ ದನಿ ತಗ್ಗಿಸಿದ. "ಅಲ್ಲ, ಬೆಂದದ್ದನ್ನೂ ಹೊಂಡಕ್ಕೆ ಸುರೀತಾರಂತೆ, ಹೌದಾ? ದಂಡಕ್ಕೆ ಹೋಗುತ್ತಲ್ಲ. ಹಿಂದಿನ ದಾರೀಲಿ ಟ್ರ್ಯಾಕ್ಟರ್ ತಂದ್ರೆ ಯಾರಿಗೂ ಕಾಣಲ್ಲ. ಶೆಡ್ಡಿಗೆ ಈಗ ನಿನ್ ಜಾಗಕ್ಕೆ ಯಾರು ಬಂದಿದಾನೆ? ಹೇಗೆ ಮನುಷ್ಯ? ಮಾತಾಡಿಸಿದ್ರೆ ಬಗ್ತಾನಾ?"

ರಾಶಿಯಕ್ಕ ಅಣ್ಣನನ್ನು ಬಹಳ ಹೊತ್ತು ನೋಡಿದಳು. ಅಪ್ಪನ ಮೂಗು, ಅಮ್ಮನ ಹಣೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಮುಖ.

"ಒಳ್ಳೇ ಮನುಷ್ಯ," ಎಂದಳು. "ಆದರೆ ಅವನಿಗೆ ಅಮ್ಮ ಇಲ್ಲ ಅಣ್ಣ."

ಅಣ್ಣ ತಲೆ ಕೆರೆದುಕೊಂಡು ಯೋಚಿಸಿದ.

"ಹೆಂಡತಿ ಮಕ್ಕಳು?" ಎಂದು ಕೇಳಿದ.